ದೊಡ್ಡ ಯಜಮಾನರು ಕೈ ತೊಳೆದುಕೊಂಡದ್ದು

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವ ವಸ್ತುವನ್ನು ಚೀಲ ಎಂದು ಕರೆಯಕೂಡದು. ಎರಡು ಹಿಡಿಕೆ ಇದೆ, ಬಾಯಿ ಇದೆ, ಒಳಗೆ ಸಾಮಾನು ಹಿಡಿಯುತ್ತದೆ, ಹೆಂಗಸರು ತೋಳಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಆದರೂ ಅದು ಚೀಲವಲ್ಲ. ಅದು ‘ಕೃತಿ’. ಒಂದು ಕೃತಿಯ ಬೆಲೆಗೆ ನನ್ನಂಥವನು ಮನೆಗೆ ಹೊಸ ಚಾವಣಿ ಹಾಕಿಸಬಹುದು. ಅಷ್ಟು ಕೊಟ್ಟು ಕೊಂಡವರು ಅದರೊಳಗೆ ಏನು ಇಟ್ಟುಕೊಳ್ಳುತ್ತಾರೆ ಎಂದು ಒಮ್ಮೆ ಮ್ಯಾನೇಜರನ್ನು ಕೇಳಿದೆ. ಏನೂ ಇಡುವುದಿಲ್ಲ, ಇಟ್ಟರೆ ಆಕಾರ ಕೆಡುತ್ತದೆ ಎಂದರು. ಅವತ್ತಿನಿಂದ ಶ್ರೀಮಂತರ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟೆ.

ನಾನು ಅಲ್ಲಿ ಬಣ್ಣದ ಮನೆಯ ಮೇಸ್ತ್ರಿ. ಚರ್ಮವನ್ನು ತೊಟ್ಟಿಗೆ ಇಳಿಸುವುದು, ಕೋಲಿನಿಂದ ತಿರುವುವುದು, ಎತ್ತಿ ನೇತುಹಾಕುವುದು, ನಡುನಡುವೆ ಬೈಯುವುದು ನನ್ನ ಕೆಲಸ. ಜನ ನನ್ನನ್ನು ಮುಂಗೋಪಿ ಎನ್ನುತ್ತಾರೆ. ಶುದ್ಧ ಸುಳ್ಳು. ಮುಂಗೋಪಿಗೆ ಸಿಟ್ಟು ಬರುತ್ತದೆ, ಇಳಿಯುತ್ತದೆ. ನನ್ನದು ಇಳಿಯುವುದೇ ಇಲ್ಲ, ಹಾಗಾಗಿ ಬರುವ ಪ್ರಶ್ನೆಯೂ ಇಲ್ಲ.

ತೊಟ್ಟಿ ಖಾಲಿ ಮಾಡಿದಾಗ ಬಣ್ಣದ ನೀರು ಹಿಂಬದಿಯ ಕಾಲುವೆಗೆ ಹೋಗುತ್ತದೆ. ಕಾಲುವೆ ಹಿಂದಿನ ಬೀದಿಯ ಮನೆಗಳ ಹಿತ್ತಿಲನ್ನು ಸವರಿಕೊಂಡು ಹರಿಯುತ್ತದೆ. ಮುಂದಿನ ವರ್ಷ ದೊಡ್ಡ ದೊಡ್ಡ ನಗರಗಳಲ್ಲಿ ಯಾವ ಬಣ್ಣದ ಕೃತಿ ಮೆರೆಯಲಿದೆ ಎಂಬುದು ಕಂಪನಿಯ ಪರಮ ಗುಟ್ಟು. ಅದು ಹೊರಗೆ ಹೋಗದಿರಲಿ ಎಂದು ಗೇಟಿನಲ್ಲಿ ನಮ್ಮ ಜೇಬು ತಡಕುತ್ತಾರೆ. ಆದರೆ ಹಿಂದಿನ ಬೀದಿಯ ಕ್ಷೌರಿಕ ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಿಲಿಗೆ ಹೋದವನು ಅಲ್ಲಿಂದಲೇ, "ಈ ಸಲ ನೇರಳೆ ಕಣ್ರಯ್ಯ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಾನೆ.

ಆ ಬೀದಿಯಲ್ಲೇ ನನ್ನ ಅಕ್ಕನ ಲಾಂಡ್ರಿ ಇರುವುದು. ತಮ್ಮ ಮೇಲುಗಡೆ ನೀರಿಗೆ ಬಣ್ಣ ಹಾಕುತ್ತಾನೆ, ಅಕ್ಕ ಕೆಳಗಡೆ ಅದೇ ನೀರನ್ನು ಪಂಪಿನಲ್ಲಿ ಎಳೆದು ಬಿಳಿ ಬಟ್ಟೆ ಒಗೆಯುತ್ತಾಳೆ. ಒಂದೇ ತಾಯಿಯ ಮಕ್ಕಳಿಗೆ ಇಂಥ ಗತಿ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವಳಿಗೆ ದೊಡ್ಡ ಗಿರಾಕಿ ಎಂದರೆ ಒಂದು ಹೋಟೆಲು. ಹಾಸಿಗೆಯ ಬಿಳಿ ಹೊದಿಕೆಗಳನ್ನು ಮೂಟೆ ಮೂಟೆಯಾಗಿ ಕಳಿಸುತ್ತಾರೆ. ಈ ಸಲ ಅವು ನಸುನೇರಳೆಯಾಗಿ ವಾಪಸ್ಸು ಹೋದವು. ಹೋಟೆಲಿನವನು ಬಂದು, ಇನ್ನೊಂದು ಸಲ ಹೀಗಾದರೆ ಬಟ್ಟೆ ಬೇರೆ ಕಡೆ ಎಂದು ಹೇಳಿ ಹೋದ. ಅವನ ಬಟ್ಟೆ ಹೋದರೆ ಲಾಂಡ್ರಿಯ ಬಾಗಿಲು ಹಾಕಿದಂತೆಯೇ.

"ನಿನ್ನ ಕೆಲಸ ನನ್ನ ಕೆಲಸಾನ ತಿಂತಾ ಇದೆ ಕಣೋ," ಎಂದಳು ಅಕ್ಕ.

"ನಾನು ಬಣ್ಣ ಹಾಕ್ತೀನಿ ಅಷ್ಟೇ ಅಕ್ಕ. ನೀರು ಬಿಡೋ ಗೇಟು ತಿರುಗಿಸೋನು ಬೇರೆಯವನು."

"ಒಳ್ಳೇದಾಯ್ತು ಬಿಡು. ಹೋಟೆಲಿನವನಿಗೆ ಹಾಗೇ ಹೇಳ್ತೀನಿ. ನಮ್ಮ ತಮ್ಮಂದು ಏನೂ ತಪ್ಪಿಲ್ಲಪ್ಪ, ಅವನು ಬರೀ ಹೊಲಸು ಮಾಡ್ತಾನೆ, ಚೆಲ್ಲೋನು ಬೇರೆ ಅಂತ."

ಭಾವ ಇಸ್ತ್ರಿ ಮಾಡುತ್ತ ನಿಂತಿದ್ದರು. ಭಾವ ಮಾತಾಡುವುದಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿ ಕುಕ್ಕುತ್ತಾರೆ. ಅವತ್ತು ಕುಕ್ಕಿದರು.

ಇದೇ ಹೊತ್ತಿಗೆ ಕಂಪನಿಗೆ ಒಂದು ಕಾಯಿಲೆ ಅಂಟಿಕೊಂಡಿತು. ಹೊರಗಿನ ಖರೀದಿದಾರರು ಇಷ್ಟು ವರ್ಷ ‘ಚೀಲ ಚೆನ್ನಾಗಿದೆಯೇ’ ಎಂದು ಮಾತ್ರ ಕೇಳುತ್ತಿದ್ದವರು, ಈಗ ‘ನೀವು ಒಳ್ಳೆಯವರೇ’ ಎಂದೂ ಕೇಳತೊಡಗಿದ್ದರು. ಪರಿಸರಕ್ಕೆ ಏನು ಮಾಡಿದಿರಿ, ಕೆಲಸದವರಿಗೆ ಏನು ಮಾಡಿದಿರಿ, ಯಾವ ಕಾಲದಿಂದ ಮಾಡುತ್ತಿದ್ದೀರಿ, ತೋರಿಸಿ. ಒಳ್ಳೆಯತನ ಇವತ್ತು ಶುರುವಾದರೆ ಸಾಲದಂತೆ, ಹಳೆಯದಾಗಿರಬೇಕಂತೆ. ಹಾಗಾಗಿ ಕಂಪನಿ ತನ್ನ ಒಳ್ಳೆಯತನದ ಇತಿಹಾಸ ಬರೆಸಲು ಒಬ್ಬ ಮೇಡಂ ಅನ್ನು ಕರೆಸಿತು. ಬಹಳ ಓದಿದ ಹೆಣ್ಣುಮಗಳು, ಒಳ್ಳೆಯವಳು. ನಮ್ಮ ಭಾಷೆಯನ್ನು ಮಾತ್ರ ಪುಸ್ತಕದಿಂದ ಕಲಿತವಳು. ಅವಳ ಲೆಕ್ಕದಲ್ಲಿ ಒಂದು ಮಾತಿಗೆ ಒಂದೇ ಅರ್ಥ.

ಕಾರ್ಖಾನೆ ಕಟ್ಟಿದ ದೊಡ್ಡ ಯಜಮಾನರು ತೀರಿಹೋಗಿ ಬಹಳ ಕಾಲವಾಗಿತ್ತು. ಅವರ ಕೈಕೆಳಗೆ ದುಡಿದವರಲ್ಲಿ ಮ್ಯಾನೇಜರನ್ನು ಬಿಟ್ಟರೆ ಉಳಿದವನು ನಾನೊಬ್ಬ. ಪುಸ್ತಕದಲ್ಲಿ ನನ್ನ ಫೋಟೋ ಬರುತ್ತದೆ ಎಂದು ಮ್ಯಾನೇಜರು ಹೇಳಿದರು. ನಾನು ಹೊಸ ಅಂಗಿ ಹೊಲಿಸಿಕೊಂಡೆ. ಫೋಟೋಗೋಸ್ಕರ ಅಲ್ಲ, ಹಳೆಯದು ಸ್ವಲ್ಪ ಬಿಗಿಯಾಗಿತ್ತು.

ಮೇಡಂ ನನ್ನನ್ನು ಗಾಜಿನ ಕೋಣೆಯಲ್ಲಿ ಮೆತ್ತನೆಯ ಕುರ್ಚಿಯ ಮೇಲೆ ಕೂರಿಸಿದಳು. "ದೊಡ್ಡ ಯಜಮಾನರು ಕಾರ್ಮಿಕರನ್ನು ಹೇಗೆ ನಡೆಸಿಕೊಂಡರು, ದಯವಿಟ್ಟು ಮುಚ್ಚುಮರೆಯಿಲ್ಲದೆ ತಿಳಿಸಿರಿ," ಎಂದಳು.

ಮುಚ್ಚುಮರೆಯಿಲ್ಲದೆ ಎಂದು ನನಗೆ ಹೇಳಬಾರದು.

"ಏನು ಹೇಳೋದಮ್ಮ, ನಮಗೆಲ್ಲ ಸರಿಯಾಗಿ ನೀರು ಕುಡಿಸಿದ್ರು."

ಬರೆದುಕೊಂಡಳು. "ಎಲ್ಲರಿಗೂ?"

"ಒಬ್ಬರನ್ನೂ ಬಿಡಲಿಲ್ಲ. ಮ್ಯಾನೇಜರಿಗೂ ಕುಡಿಸಿದ್ರು."

"ಸಮಾನತೆ," ಎಂದು ತನ್ನಷ್ಟಕ್ಕೆ ಅಂದುಕೊಂಡಳು. "ಸುರಕ್ಷತೆಯ ವಿಷಯದಲ್ಲಿ?"

"ಸುರಕ್ಷತೆ ಎಲ್ಲಿ ಬಂತು. ವರ್ಷಕ್ಕೊಂದು ಸಲ ಸಾಲಾಗಿ ನಿಲ್ಲಿಸಿ, ನಗುನಗ್ತಾ ಮಾತಾಡಿಸಿ, ಟೋಪಿ ಹಾಕಿ ಕಳಿಸ್ತಿದ್ರು."

"ಪ್ರತಿಯೊಬ್ಬರಿಗೂ ಟೋಪಿ?"

"ನನಗೆ ಎಷ್ಟು ಸಲ ಹಾಕಿದಾರೋ ನನಗೇ ನೆನಪಿಲ್ಲ."

"ವ್ಯಾಪಾರ ಕುಗ್ಗಿದ ಕಾಲದಲ್ಲಿ ಏನು ಮಾಡಿದರು?"

"ಏನು ಮಾಡ್ತಾರೆ? ನಮ್ಮ ಹೊಟ್ಟೆ ಮೇಲೆ ಹೊಡೆದ್ರು."

ಅವಳ ಪೆನ್ನು ನಿಂತಿತು. "ಮೆಲ್ಲಗೆಯೋ?"

"ಎಂಥಾ ಮೆಲ್ಲಗೆ. ಜೋರಾಗೇ ಹೊಡೆದ್ರು."

ಅವಳು ನಕ್ಕಳು. "ಬಹಳ ಸಲುಗೆಯ ಮನುಷ್ಯ ಅನ್ನಿ." ನನಗೆ ಅರ್ಥವಾಗಲಿಲ್ಲ. ಓದಿದವರ ನಗು ಓದದವರಿಗೆ ಅರ್ಥವಾಗಬೇಕು ಎಂದೇನೂ ಇಲ್ಲವಲ್ಲ ಎಂದು ಸುಮ್ಮನಾದೆ.

"ಸರ್ಕಾರಿ ಅಧಿಕಾರಿಗಳು ಪರಿಶೀಲನೆಗೆ ಬರುತ್ತಿದ್ದರೇ?"

"ಬರ್ತಿದ್ರು. ಅವರ ಕಣ್ಣಿಗೆ ಮಣ್ಣೆರಚಿ ಕಳಿಸ್ತಿದ್ರು."

"ಮಣ್ಣು," ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. "ಕಡೆಯದಾಗಿ, ಕಾಲುವೆ."

ಕಾಲುವೆ ಎಂದದ್ದೇ ನನಗೆ ಅಕ್ಕನ ನೇರಳೆ ಹೊದಿಕೆಗಳು ನೆನಪಾಗಿ ಮೈ ಉರಿಯಿತು. ಕಾರ್ಖಾನೆ ಹೊಸದರಲ್ಲಿ ಬೀದಿಯವರು ಕೊಡದಲ್ಲಿ ಕೆಂಪು ನೀರು ತುಂಬಿಕೊಂಡು ದೂರು ಹೇಳಲು ಬಂದಿದ್ದರು. ದೊಡ್ಡ ಯಜಮಾನರು ದಂಡೆಯ ಮೇಲೆ ನಿಂತು, ಕಾಲುವೆ ತಾನು ತೋಡಿಸಿದ್ದಲ್ಲ, ನೀರು ತನ್ನ ಮನೆಯದಲ್ಲ ಎಂದು ಹೇಳಿ ಕಾರು ಹತ್ತಿದರು. ಇಷ್ಟೇ ನಡೆದದ್ದು. ಇದನ್ನು ಇಷ್ಟುದ್ದ ಹೇಳುವ ತಾಳ್ಮೆ ನನಗಿರಲಿಲ್ಲ.

"ಕಾಲುವೆ ವಿಷಯ ಬಂದಾಗ ಕೈ ತೊಳ್ಕೊಂಡ್ರಮ್ಮ," ಎಂದೆ.

"ಎಲ್ಲಿ?"

"ಅಲ್ಲೇ. ಕಾಲುವೆ ದಂಡೆ ಮೇಲೆ ನಿಂತ್ಕೊಂಡು, ಇಡೀ ಬೀದಿ ಜನದ ಎದುರಿಗೆ ಕೈ ತೊಳ್ಕೊಂಡ್ರು. ನಾನೇ ಕಣ್ಣಾರೆ ನೋಡಿದೀನಿ."

ಮೇಡಂ ಕಣ್ಣು ಒದ್ದೆಯಾದವು. ನನ್ನ ಅಕ್ಕನ ಕಷ್ಟಕ್ಕೆ ಮರುಗುವವರು ಕಂಪನಿಯಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ನನಗೆ ಸಮಾಧಾನವಾಯಿತು.

ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ: "ಇದ್ದದ್ದೆಲ್ಲ ಕಕ್ಕಿ ಬಂದಿದೀನಿ. ಪುಸ್ತಕ ಬಂದ ದಿನ ನನ್ನ ಕೆಲಸ ಹೋಗತ್ತೆ."

"ಹೊಸ ಅಂಗಿ ಹಾಕ್ಕೊಂಡು ಹೋಗಿ ಇದನ್ನ ಮಾಡ್ಕೊಂಡು ಬಂದ್ರಾ?" ಎಂದಳು. "ಹಳೇದ್ರಲ್ಲೇ ಆಗ್ತಿತ್ತಲ್ಲ."

ಪುಸ್ತಕ ಬಂತು. ‘ಹೊಣೆಯ ಹೆಜ್ಜೆಗಳು’ ಎಂದು ಹೆಸರು, ಹೊದಿಕೆಗೆ ನಮ್ಮದೇ ಚರ್ಮ. ಕ್ಯಾಂಟೀನಿನಲ್ಲಿ ನನ್ನ ಗೆಳೆಯ ಬಕಲ್ ಅದನ್ನು ಗಟ್ಟಿಯಾಗಿ ಓದಿದ. ಕೃತಿಗಳಿಗೆ ಬಕಲ್ ಕೂರಿಸುವವನು, ಹೆಸರೂ ಅದೇ ಆಗಿಹೋಗಿದೆ. ನಾನು ಕೆಲಸ ಬಿಟ್ಟು ಹೋಗುವವನ ಗಾಂಭೀರ್ಯದಲ್ಲಿ ತಟ್ಟೆ ತಳ್ಳಿ ಕೂತಿದ್ದೆ.

"‘ಶುದ್ಧ ಕುಡಿಯುವ ನೀರು ಎಂಬ ಮಾತೇ ಇಲ್ಲದ ಕಾಲದಲ್ಲಿ ಸಂಸ್ಥಾಪಕರು ಪ್ರತಿಯೊಬ್ಬ ಕಾರ್ಮಿಕನಿಗೂ ತಮ್ಮ ಕೈಯಾರೆ ನೀರು ಕುಡಿಸಿದರು,’" ಎಂದು ಓದಿ ಬಕಲ್ ನನ್ನ ಮುಖ ನೋಡಿದ. "ಯಾವಾಗ್ಲೋ?"

"ಮುಂದೆ ಓದು."

"‘ವರ್ಷಕ್ಕೊಮ್ಮೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ರಕ್ಷಣೆಯ ಟೋಪಿಯನ್ನು ತಾವೇ ತೊಡಿಸುತ್ತಿದ್ದರು. ಕಷ್ಟದ ದಿನಗಳಲ್ಲಿ ಕಾರ್ಮಿಕರ ಹೊಟ್ಟೆಯನ್ನು ಆತ್ಮೀಯವಾಗಿ ತಟ್ಟಿ, ಊಟವಾಯಿತೇ ಎಂದು ವಿಚಾರಿಸುತ್ತಿದ್ದರು. ಪರಿಶೀಲನೆಗೆ ಬಂದ ಅಧಿಕಾರಿಗಳಿಗೆ ಕಾರ್ಖಾನೆಯ ಮಣ್ಣನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ತೋರಿಸುತ್ತಿದ್ದರು.’"

ಇಷ್ಟು ಒಳ್ಳೆಯ ಮನುಷ್ಯನ ಕೈಕೆಳಗೆ ಕೆಲಸ ಮಾಡಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಕಡೆಯ ಪುಟದಲ್ಲಿ ಕಾಲುವೆ ಇತ್ತು: ತಮ್ಮ ಕಾರ್ಖಾನೆಯ ನೀರು ಎಷ್ಟು ನಿರ್ಮಲ ಎಂದು ತೋರಿಸಲು ಸಂಸ್ಥಾಪಕರು ಬೀದಿಯ ಜನರೆದುರು ಕಾಲುವೆಯಲ್ಲಿ ಕೈ ತೊಳೆದುಕೊಂಡರು. ಪಕ್ಕದಲ್ಲಿ ನನ್ನ ಫೋಟೋ. ಫೋಟೋ ಎಂದರೆ ಮುಖವಲ್ಲ. ಮುಖವನ್ನು ಕತ್ತರಿಸಿ, ನೇರಳೆ ಬಣ್ಣದ ಎರಡು ಕೈ ಮಾತ್ರ ಹಾಕಿದ್ದರು. ಹೊಸ ಅಂಗಿಯಲ್ಲಿ ತೋಳಿನ ಗುಂಡಿಯೊಂದು ಮಾತ್ರ ಕಾಣುತ್ತಿತ್ತು.

ನಾನು ನೇರ ಮ್ಯಾನೇಜರ ಕೋಣೆಗೆ ನುಗ್ಗಿದೆ. "ಸಾರ್, ಇದರಲ್ಲಿ ತಪ್ಪಾಗಿದೆ. ಕೈ ತೊಳ್ಕೊಂಡ್ರು ಅಂದ್ರೆ ಕೈ ತೊಳ್ಕೊಂಡ್ರು ಅಂತಲ್ಲ."

"ಬಾಗಿಲು ಹಾಕು," ಎಂದರು ಮ್ಯಾನೇಜರು. "ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನನಗೂ ನೀರು ಕುಡಿಸಿದಾರೆ. ಆದ್ರೆ ಸಣ್ಣ ಯಜಮಾನರು ಅದನ್ನ ಓದಿ ಅತ್ತುಬಿಟ್ರು ಕಣಯ್ಯ. ಚಿಕ್ಕಂದಿನಿಂದ ಎಲ್ಲೋ ಹಾಸ್ಟೆಲಿನಲ್ಲಿ ಇದ್ದವರು, ಅಪ್ಪನ ಮುಖ ನೋಡಿದ್ದೇ ಕಮ್ಮಿ. ಹೋಗು, ನಿಮ್ಮಪ್ಪ ಹಾಗಲ್ಲ ಅಂತ ನೀನೇ ಹೇಳಿ ಬಾ."

ನಾನು ಹೋಗಲಿಲ್ಲ. ನನಗೆ ಸಿಟ್ಟಿದೆ, ಆದರೆ ಅಷ್ಟಿಲ್ಲ.

"ಇನ್ನೂ ಕೇಳು," ಎಂದರು ಮ್ಯಾನೇಜರು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ. "ಖರೀದಿದಾರರು ಬರ್ತಿದಾರೆ. ಅವರೆದುರಿಗೆ ಸಣ್ಣ ಯಜಮಾನರು ಅದೇ ಕಾಲುವೇಲಿ ಕೈ ತೊಳೀತಾರಂತೆ. ಕೈ ನೇರಳೆಯಾಗಿ ಮೇಲೆ ಬಂದ್ರೆ ಆರ್ಡರೂ ಹೋಯ್ತು, ನಾನೂ ಹೋದೆ. ನನಗಿಂತ ಮುಂಚೆ ನಿನ್ನ ಕಳಿಸಿ ಹೋಗ್ತೀನಿ."

ಕಾರ್ಖಾನೆಯ ಹಿಂದೆ ಒಂದು ಷೆಡ್ಡಿನಲ್ಲಿ ನೀರು ಶುದ್ಧಿ ಮಾಡುವ ಯಂತ್ರವಿತ್ತು. ತಂದ ದಿನದಿಂದ ಓಡಿಸಿರಲಿಲ್ಲ, ಓಡಿಸಿದರೆ ಕರೆಂಟು ತಿನ್ನುತ್ತದೆ ಎಂದು. ಅಧಿಕಾರಿಗಳು ಬಂದಾಗ ಪ್ಲಾಸ್ಟಿಕ್ ಹೊದಿಕೆ ಎತ್ತಿ ತೋರಿಸುವುದು, ಅವರು ಭೇಷ್ ಎಂದ ಮೇಲೆ ಮತ್ತೆ ಹೊದಿಸುವುದು, ಇಷ್ಟೇ ಅದರ ಉದ್ಯೋಗ. ಮ್ಯಾನೇಜರು ಓಡಿಸು ಎಂದರು. ಹೊದಿಕೆ ತೆಗೆದರೆ ಒಳಗೆ ಬೆಕ್ಕೊಂದು ಮರಿ ಹಾಕಿಕೊಂಡು ಮಲಗಿತ್ತು. ಬೆಕ್ಕಿಗೆ ಬೈದೆ, ಯಂತ್ರಕ್ಕೆ ಬೈದೆ, ಯಂತ್ರ ಮಾಡಿದವನ ವಂಶಕ್ಕೆ ಬೈದೆ. ಕಡೆಗೆ ಒದ್ದೆ. ಅದು ಕೆಮ್ಮಿ, ನಡುಗಿ, ಹೊರಟಿತು. ಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಮ್ಯಾನೇಜರ ಕೋಣೆಗೆ ಮನೆ ಬದಲಾಯಿಸಿತು.

ಎರಡು ದಿನಕ್ಕೆ ಕಾಲುವೆಯ ತಳ ಕಂಡಿತು. ಕ್ಷೌರಿಕ ಹಿತ್ತಿಲಿನಿಂದ ಬಂದು, "ಈ ಸಲ ಬಣ್ಣಾನೇ ಇಲ್ಲ ಕಣ್ರಯ್ಯ, ಕಂಪನಿ ಮುಚ್ಚಿಹೋಯ್ತೋ ಏನೋ," ಎಂದು ಗಾಬರಿಯಾದ.

ನಾನು ಅಕ್ಕನ ಮನೆಗೆ ಹೋದಾಗ ಅವಳು ಒಗೆದ ಹೊದಿಕೆಯೊಂದನ್ನು ಬಿಸಿಲಿಗೆ ಹಿಡಿದು ನಿಂತಿದ್ದಳು.

"ನೋಡೋ ಇದನ್ನ. ನಾನೇ ಒಗೆದದ್ದಾ ಅಂತ ಅನುಮಾನ ಬರ್ತಿದೆ. ಇನ್ಮೇಲೆ ಹೀಗೇ ಇರತ್ತೇನೋ?"

"ಇಲ್ಲ ಅಕ್ಕ. ಅವರು ಬಂದು ಹೋಗೋ ತನಕ. ಆಮೇಲೆ ಆಫ್ ಮಾಡು ಅಂದಿದಾರೆ."

"ಮಾಡು ಅಂದ್ರೆ ಮಾಡ್ತೀಯಾ?"

"ಮಾಡದೆ? ನಾನೇನು ಯಜಮಾನನಾ?"

ಅಕ್ಕ ಹೊದಿಕೆಯನ್ನು ಮಡಚಿ ಮೂಟೆಯ ಮೇಲಿಟ್ಟಳು. ಬೈಯಲಿಲ್ಲ. ಅವಳು ಬೈಯದಿದ್ದರೆ ನನಗೆ ಕೈಕಾಲು ಆಡುವುದಿಲ್ಲ.

ಖರೀದಿದಾರರು ಬಂದರು. ಅವರಿಗೆ ಯಜಮಾನತಿಯಂತಿದ್ದವಳು ಒಬ್ಬ ನರೆಗೂದಲಿನ ಹೆಂಗಸು. ಎಲ್ಲವನ್ನೂ ಕನ್ನಡಕದ ಮೇಲಿನಿಂದ ನೋಡುತ್ತಿದ್ದಳು. ಮೇಡಂ ಅವಳ ಮಾತನ್ನು ನಮಗೆ, ನಮ್ಮ ಮಾತನ್ನು ಅವಳಿಗೆ ಹೇಳುತ್ತ ಪಕ್ಕದಲ್ಲಿದ್ದಳು. ಬೀದಿಯವರೆಲ್ಲ ಆಚೆ ದಂಡೆಯಲ್ಲಿ ಸೇರಿದ್ದರು. ಅಕ್ಕ ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡೇ ಬಂದಿದ್ದಳು. ಹಿಂದೆ ಭಾವ.

ಸಣ್ಣ ಯಜಮಾನರು ಕೋಟು ಬಿಚ್ಚಿ ಮ್ಯಾನೇಜರಿಗೆ ಕೊಟ್ಟು, ತೋಳು ಮಡಚಿದರು. ಮ್ಯಾನೇಜರು ಪರಿಮಳದ ಸೋಪು ಮುಂದೆ ಹಿಡಿದರು.

"ನಮ್ಮ ತಂದೆಯವರು ಸೋಪು ಉಪಯೋಗಿಸಿದ್ರಾ?" ಎಂದು ಸಣ್ಣ ಯಜಮಾನರು ನನ್ನನ್ನು ಕೇಳಿದರು.

"ಇಲ್ಲ ಸಾರ್. ಅವರು ಹಾಗೇ ತೊಳ್ಕೊಂಡ್ರು."

ಅವರು ಸೋಪನ್ನು ಪಕ್ಕಕ್ಕೆ ಸರಿಸಿ, ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಗಳನ್ನು ನೀರಿಗಿಟ್ಟರು. ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ಕೈ ಹೇಗೆ ಹೋಗಿತ್ತೋ ಹಾಗೇ ಮೇಲೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಲ್ಲಿದ್ದ ಕೈಗಳಲ್ಲಿ ನೇರಳೆಯಾಗಿದ್ದವು ನನ್ನವು ಮಾತ್ರ.

ನರೆಗೂದಲಿನವಳು ಚಪ್ಪಾಳೆ ತಟ್ಟಲಿಲ್ಲ. ಏನೋ ಕೇಳಿದಳು. ಮೇಡಂ ನಮ್ಮ ಕಡೆ ತಿರುಗಿದಳು. "ಸಂಸ್ಥಾಪಕರು ಒಮ್ಮೆ ಮಾತ್ರ ತೊಳೆದುಕೊಂಡರೋ, ರೂಢಿಯಾಗಿ ತೊಳೆದುಕೊಳ್ಳುತ್ತಿದ್ದರೋ? ಒಮ್ಮೆಯಾದರೆ ಅದು ಫೋಟೋಗೋಸ್ಕರ ಮಾಡಿದ್ದು ಎನ್ನುತ್ತಾರೆ ಇವರು."

ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಏನು ಹೇಳುವುದಕ್ಕೆ ಎಂದು ಇವತ್ತಿಗೂ ಗೊತ್ತಿಲ್ಲ, ಏಕೆಂದರೆ ಅಷ್ಟರಲ್ಲಿ ಆಚೆ ದಂಡೆಯಿಂದ ಅಕ್ಕನ ದನಿ ಬಂತು.

"ಪ್ರತಿ ಸೋಮವಾರ."

ಎಲ್ಲರೂ ಆ ಕಡೆ ತಿರುಗಿದರು.

"ಪ್ರತಿ ಸೋಮವಾರ ಬರ್ತಿದ್ರು ತಾಯಿ," ಎಂದಳು ಅಕ್ಕ, ಹೆಗಲ ಬಟ್ಟೆ ಸರಿಮಾಡಿಕೊಳ್ಳುತ್ತ. "ಒಂದು ವಾರ ತಪ್ಪಿಸಿದವರಲ್ಲ."

"ಬೆಳಿಗ್ಗೆ," ಎಂದರು ಭಾವ. ಅವರ ದನಿ ಕೇಳಿ ನನಗೆ ಮಾತ್ರವಲ್ಲ, ಅಕ್ಕನಿಗೂ ಆಶ್ಚರ್ಯವಾಯಿತು.

ಕ್ಷೌರಿಕ ಸುಮ್ಮನಿರುವವನಲ್ಲ. "ಮುಖಾನೂ ತೊಳೀತಿದ್ರು," ಎಂದ.

"ಬಾಯಿ ಮುಕ್ಕಳಿಸ್ತಿದ್ರು," ಎಂದಳು ಅವನ ಹೆಂಡತಿ.

"ಸ್ನಾನಾನೂ..." ಎಂದು ಹಿಂದೆ ಯಾರೋ ಶುರುಮಾಡಿದವರನ್ನು ಅಕ್ಕ ಮೊಣಕೈಯಿಂದ ತಿವಿದು ನಿಲ್ಲಿಸಿದಳು. ಇತಿಹಾಸಕ್ಕೂ ಒಂದು ಮಿತಿ ಬೇಕು.

ಮೇಡಂ ಒಂದು ಮಾತೂ ಬಿಡದೆ ಬರೆದುಕೊಂಡಳು. ನರೆಗೂದಲಿನವಳು ಮೊದಲ ಸಲ ಕನ್ನಡಕದ ಒಳಗಿನಿಂದ ನೋಡಿ, ಉದ್ದಕ್ಕೆ ಏನೋ ಹೇಳಿದಳು. ಹೇಳಿದ್ದು ಇದು: ಹಾಗಾದರೆ ಮಗನೂ ಪ್ರತಿ ಸೋಮವಾರ ತೊಳೆಯಲಿ. ನಾವು ಕೊಳ್ಳುವ ಪ್ರತಿ ಕೃತಿಯ ಜೊತೆ ಆ ವಾರದ ಫೋಟೋ ಬರಲಿ.

"ಖಂಡಿತ," ಎಂದರು ಸಣ್ಣ ಯಜಮಾನರು. ಮ್ಯಾನೇಜರು ತಾವು ಹಿಡಿದಿದ್ದ ಕೋಟಿನಿಂದಲೇ ಮುಖ ಒರೆಸಿಕೊಂಡರು.

ಅವರೆಲ್ಲ ಹೋದ ಮೇಲೆ ನಾನು ಸೇತುವೆ ದಾಟಿ ಅಕ್ಕನ ಹತ್ತಿರ ಹೋದೆ. "ಏನಕ್ಕ, ಇಷ್ಟು ದೊಡ್ಡ ಸುಳ್ಳು."

"ಹೂಂ ಕಣೋ. ಸತ್ಯ ಎಲ್ಲ ನೀನೊಬ್ಬನೇ ಹೇಳಿ ಮುಗಿಸಿದ್ಯಲ್ಲ, ನನಗೆ ಉಳಿದದ್ದು ಇದೇ," ಎಂದಳು.

ಮುಂದಿನ ಸೋಮವಾರ ಬಂತು. ಮ್ಯಾನೇಜರು ಅಷ್ಟರಲ್ಲಿ ದಾರಿ ಕಂಡುಕೊಂಡಿದ್ದರು. ದಂಡೆಯ ಮೇಲೆ ಕಾಯುತ್ತ ನಿಂತಾಗ ನನ್ನ ಕಿವಿಯಲ್ಲಿ ಹೇಳಿದರು: "ನೀರು ತಿಳಿಯಾಗೋಕೆ ಎರಡು ದಿನ ಸಾಕಲ್ಲ? ಶನಿವಾರ ಹಾಕು, ಸೋಮವಾರ ಸಣ್ಣ ಯಜಮಾನರು ಬೆನ್ನು ತಿರುಗಿಸಿದ ಕೂಡಲೇ ಆಫ್ ಮಾಡು. ಉಳಿದ ದಿನ ಯಾರು ನೋಡ್ತಾರೆ?"

ಸೇತುವೆಯ ಹತ್ತಿರ ಬಟ್ಟೆ ಒಣಗಿಸುತ್ತಿದ್ದ ಅಕ್ಕನಿಗೆ ಕೇಳಿಸಿತು. ಅವಳ ಕಿವಿ ಅಂಥದ್ದು. ಮ್ಯಾನೇಜರು ಹೋದ ಮೇಲೆ ಹೇಳಲಿ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ, ಕೇಳಲಿಲ್ಲ. "ಹೋಟೆಲಿನ ಬಟ್ಟೆ ಬರೋದು ಬುಧವಾರ ಕಣೋ, ಒಗೆಯೋದು ಗುರುವಾರ," ಎಂದಳು, ಗಟ್ಟಿಯಾಗಿಯೇನಲ್ಲ. ಹಗ್ಗದ ಮೇಲಿನ ಹೊದಿಕೆಯನ್ನು ಎಳೆದು ಸರಿಮಾಡುತ್ತ ಬೆನ್ನು ತಿರುಗಿಸಿದಳು.

ಸಣ್ಣ ಯಜಮಾನರು ನಡೆದುಕೊಂಡೇ ಬಂದರು, ಒಬ್ಬರೇ. ತೋಳು ಮೊದಲೇ ಮಡಚಿಕೊಂಡಿದ್ದರು. ಕೂತು ಕೈ ತೊಳೆದರು. ಫೋಟೋದವನು ಫೋಟೋ ತೆಗೆದು ಹೊರಟ. ಅವನು ಹೋದ ಮೇಲೆ ಮುಖ ತೊಳೆದರು. ಸ್ವಲ್ಪ ಯೋಚನೆ ಮಾಡಿ, ಆಚೀಚೆ ನೋಡಿ, ಬಾಯಿಯನ್ನೂ ಮುಕ್ಕಳಿಸಿದರು. ಆಮೇಲೂ ಏಳಲಿಲ್ಲ. ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಹರಿಯುವ ಕಾಲುವೆಯನ್ನೇ ನೋಡುತ್ತ ಕೂತರು.

"ಮೇಸ್ತ್ರಿ," ಎಂದರು, ತಿರುಗದೆ. "ನನಗೆ ಅವರ ವಿಷಯ ಹೆಚ್ಚು ಗೊತ್ತಿಲ್ಲ. ನಿಜ ಹೇಳಿ. ನಮ್ಮಪ್ಪ ನಿಜವಾಗ್ಲೂ ಪ್ರತಿ ಸೋಮವಾರ ಬರ್ತಿದ್ರಾ?"

ಅವರ ಬೆನ್ನ ಹಿಂದೆ ನಿಂತು ಮ್ಯಾನೇಜರು ನನ್ನನ್ನೇ ನೋಡುತ್ತಿದ್ದರು. ಹಗ್ಗದ ಹತ್ತಿರ ಅಕ್ಕನ ಕೈ ನಿಂತಿತ್ತು. ಹೊದಿಕೆಗಳು ಬಿಸಿಲಿಗೆ ಕಣ್ಣು ಕೋರೈಸುವಷ್ಟು ಬೆಳ್ಳಗಿದ್ದವು.

"ಬರ್ತಿದ್ರು ಸಾರ್," ಎಂದೆ. "ಗುರುವಾರಾನೂ ಬರ್ತಿದ್ರು."